ನಲವತ್ತೊಂದು ಗ್ರಾಂ

ಹುಬ್ಬಳ್ಳಿ ಪಿ.ಬಿ. ರಸ್ತೆದಾಗ ನಮ್ಮ ಸ್ವಾದರಮಾವನ ಅಂಗಡಿ.
ಹದಿನೆಂಟು ವರ್ಷದಿಂದ ಗಲ್ಲೆದ ಬಾಜೂಕ ನಿಂತು
ಒಂದೇ ಮಾತು ಕೇಳಿಕೋತ ಬಂದೇನಿ:
"ಒರಿಜಿನಲ್ ಬೇಕೋ, ಲೋಕಲ್ ನಡೀತದೋ?"

ಎರಡೂ ಒಂದೇ ಗೋಣಿಚೀಲದಾಗ ಬರತಾವ ಅನ್ನೂದು
ನನಗ ಗೊತ್ತು, ಮಾವಗ ಗೊತ್ತು,
ಅಟ್ಟದ ಮ್ಯಾಲೆ ಕೂತು ಡಬ್ಬಿಗೆ ಹೊಳಿಯೂ ಚೀಟಿ ಹಚ್ಚೂ
ಹುಡುಗಗ ಗೊತ್ತು.

ನಾಡಗೇರ ಅಕ್ಕೋರು ಬಂದದ್ದು ಶ್ರಾವಣದಾಗ.
ಧಾರವಾಡದಾಗ ಮೂವತ್ತು ವರ್ಷ ಫಿಜಿಕ್ಸ್ ಕಲಿಸಿದವರು.
ಎಂಬತ್ತೆರಡರ ಪದ್ಮಿನಿ, ಹಳೇ ತುಪ್ಪದ ಬಣ್ಣ,
ಸ್ಟೇರಿಂಗಿನ ಬಾಜೂಕ ಗೇರು,
ಡಿಕ್ಕಿಯೊಳಗ ಒಂದು ಕ್ಯಾನು ನೀರು, ಎರಡು ಇಟ್ಟಂಗಿ.
ಕಂಪನಿ ಮುಚ್ಚಿ ಯಾವ ಕಾಲ ಆತು.
ಈಗ ಆ ಗಾಡಿಗೆ ನಾವ ತಾಯಿ, ನಾವ ತಂದಿ,
ನಾವ ಸುಳ್ಳು.

"ಅಡಿವೆಪ್ಪ," ಅಂದರು. ಒದರಲಿಲ್ಲ.
ಕೈಚೀಲದಿಂದ ಎರಡು ಬ್ರೇಕ್ ಸಿಲಿಂಡರ್ ತಗದು
ಗಾಜಿನ ಮ್ಯಾಲೆ ಬಾಜೂಬಾಜೂ ಇಟ್ಟರು,
ಮಾತು ಬಿಟ್ಟ ಬೀಗರನ್ನ ಒಂದೇ ಪಂಕ್ತಿಗೆ ಕೂಡಿಸಿದಂಗ.
"ಇದು ಗಾಡಿ ಹುಟ್ಟಿದಾಗಿಂದು. ತುಕ್ಕು ತಿಕ್ಕಿ ತೂಗೇನಿ,
ಮುನ್ನೂರಾ ಹನ್ನೆರಡು.
ಇದು ನೀ ಕೊಟ್ಟದ್ದು. ಇನ್ನೂರಾ ಎಪ್ಪತ್ತೊಂದು.
ನಡುವಿನ ನಲವತ್ತೊಂದು ಗ್ರಾಂ ಎಲ್ಲಿಗೆ ಹೋತು?"

"ಈಗಿನ ಮಾಲು ಹಗೂರ ಬರತದರಿ. ಟೆಕ್ನಾಲಜಿ."
ಕಾಪಿ ಹೊಡದ ಹುಡುಗನ್ನ ನೋಡಿದಂಗ ನೋಡಿದರು.
"ಯುನಿವರ್ಸಿಟಿ ಇಳುಕಲಿನಾಗ ಪೆಡಲು ತಳಾ ಮುಟ್ಟಿತು.
ಎರಡನೇ ಗೇರಿಗೆ ತಂದೆ, ಹ್ಯಾಂಡ್ ಬ್ರೇಕ್ ಜಗ್ಗಿದೆ.
ಮುಂದ ಶೇಂಗಾದ ಗಾಡಿ,
ಅದರ ಮುಂದ ಪೊಟ್ಟಣ ಹಿಡಕೊಂಡ ಮೂರು ಹುಡುಗೂರು.
ಬೇವಿನ ಗಿಡದ ಕಟ್ಟಿಗೆ ಬಂಪರ್ ಕೊಟ್ಟೆ.
ಕಟ್ಟಿ ಒರಿಜಿನಲ್ ಇತ್ತು."

ರೊಕ್ಕ ವಾಪಸ್ ಕೇಳಲಿಲ್ಲ. ಹೋದರು.

ಆ ರಾತ್ರಿ ಶಟರ್ ಅರ್ಧ ಇಳಿಸಿ
ಕಿರಾಣಿಯವನ ಕಡೆ ತಕ್ಕಡಿ ಇಸಕೊಂಡು ಬಂದೆ.
ಕ್ಲಚ್ ಪ್ಲೇಟು ಅರವತ್ತು ಕಡಿಮಿ.
ಬುಶ್ಶಿನ ರಬ್ಬರಿಗೆ ಸುಟ್ಟ ಚಪ್ಪಲಿ ವಾಸನಿ.
ಬೇರಿಂಗ್ ಕೈಲೆ ತಿರುವಿದರ
ಹಳ್ಳು ಕೂಡಿದ ಜ್ವಾಳ ಬೀಸಿದ ಸಪ್ಪಳ.
ಕೂಡಿಸಿಕೋತ ಹೋದೆ: ಒಂದೇ ಕಪಾಟಿನಾಗ
ಹನ್ನೊಂದು ಕಿಲೋ ಇಲ್ಲ.
ಆ ಇಲ್ಲದ್ದನ್ನ ಇಷ್ಟು ವರ್ಷ ಪೇಪರಿನಾಗ ಸುತ್ತಿ,
ದಾರ ಕಟ್ಟಿ, ಬಿಲ್ ಹರದು ಕೊಟ್ಟೇನಿ.

ಮನಿಗೆ ಬಂದಾಗ ಮಗಳು ಮಲಗಿದ್ದಳು.
ಅಕಿ ಕಾಲಾಗಿನ ಬೆಳ್ಳಿ ಚೈನು ತೂಗಲಿಲ್ಲ.
ತೂಗಬೇಕು ಅನಿಸಿತ್ತು.

ಮರುದಿನದಿಂದ ಡಬ್ಬಿ ಮ್ಯಾಲೆ ಪೆನ್ಸಿಲಿನಿಂದ ಬರಿಯಾಕ ಹತ್ತಿದೆ:
ನಾಕು ತಿಂಗಳು. ಏಳು ತಿಂಗಳು.
ಮಳಿಗಾಲ ದಾಟೂದಿಲ್ಲ.
ಮಾವ ನೋಡಿದ. "ನನ್ನ ಹೊಟ್ಟಿ ಮ್ಯಾಲೆ ಬರಿಯಾಕತ್ತೀಯೇನಲೇ?"

ಚೌತಿ ಮುಗದ ಮ್ಯಾಲೆ ಗದಗದ ಗುಜರಿಯೊಳಗ
ಲಾರಿ ಹಾದು ಚಪ್ಪಟಿ ಆದ ಒಂದು ಪದ್ಮಿನಿ ಸಿಕ್ಕಿತು.
ಹಿಂದಿನ ಗಾಲಿ ಮಾತ್ರ ಅಂಜಿ ದೂರ ಸರದಂಗ, ಉಳಿದಿತ್ತು.
ಅದರ ಸಿಲಿಂಡರ್ ಬಿಚ್ಚಿ, ತೊಳದು, ಧಾರವಾಡಕ್ಕ ಒಯ್ದೆ.
ಅಕ್ಕೋರು ತೂಗಿದರು. ಮುನ್ನೂರಾ ಒಂಬತ್ತು.
"ಮೂರು ಕಡಿಮಿ ಅದರಿ," ನಾನ ಅಂದೆ.
"ಅದು ಸವಕಳಿ. ಆ ಮೂರು ರಸ್ತೆದಾಗ ಅದಾವ.
ಒಳಗಿನ ರಬ್ಬರ್ ಯಾರದು?"
"ನಮ್ಮದರಿ."
ಭಾಳ ಹೊತ್ತು ನಕ್ಕರು. ಚಹಾ ಕೊಟ್ಟರು.

ನಿನ್ನೆ ಕುಂದಗೋಳದ ಟೆಂಪೊದವ ಬಂದಿದ್ದ.
ಡಬ್ಬಿ ತಿರುವಿ, ಪೆನ್ಸಿಲ್ ಅಕ್ಷರ ಬೆಳಕಿಗೆ ಹಿಡದು ಓದಿದ.
"ಅಣ್ಣಾ, ನಾಕು ಭಾಳ ಕಡಿಮಿ ಆತು.
ಮಾಲು ಇದ ಇರಲಿ,
ಆರು ಅಂತ ಬರಿ."

ಪೆನ್ಸಿಲ್ ಮೊನಿ ಮುರದಿತ್ತು.
ಹೆರದು, ಬರಕೊಟ್ಟೆ.